ಹಸಿರು ಹಾಳೆಯ ಎಡಬದಿ

ಹೇಮಗಿರಿ ವಿಶ್ವವಿದ್ಯಾಲಯ
12 ಆಗಸ್ಟ್ 2006

ಪೂಜ್ಯ ಅತ್ತಿಗೆಯವರಿಗೆ ಸೂರ್ಯನಾರಾಯಣನ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಣ್ಣನ ಮಂಡಿನೋವು ಹೇಗಿದೆ? ಸ್ಫೂರ್ತಿಗೆ ನೋಯ್ಡಾದ ಹೊಸ ಕೆಲಸ ಹಿಡಿಸಿತೆ? ನೀವು ನಿವೃತ್ತರಾಗಿ ಐದು ತಿಂಗಳಾಯಿತು, ಕೈಕಟ್ಟಿ ಕೂರುವ ಜಾತಿಯವರಲ್ಲ ನೀವು. ಅದಕ್ಕೇ ಒಂದು ಕೆಲಸ ಹಚ್ಚುವ ಧೈರ್ಯ ಮಾಡುತ್ತಿದ್ದೇನೆ.

ಮಾಹಿತಿ ಹಕ್ಕಿನ ಕಾನೂನು ಬಂದು ಇನ್ನೂ ವರ್ಷ ತುಂಬಿಲ್ಲ. ಆಗಲೇ ಸರ್ಕಾರಿ ಕಡತದ ಟಿಪ್ಪಣಿಗಳನ್ನು ಜನರಿಗೆ ತೋರಿಸಬೇಕೋ ಬೇಡವೋ ಎಂದು ನಿಮ್ಮ ದೆಹಲಿಯಲ್ಲಿ ದೊಡ್ಡ ಗಲಾಟೆ ನಡೆದಿದೆ. ನಮ್ಮ ಕಾನೂನು ವಿಭಾಗದಿಂದ ‘ಮಾಹಿತಿ ಮತ್ತು ಕಾನೂನು’ ಎಂಬ ಇಂಗ್ಲಿಷ್ ತ್ರೈಮಾಸಿಕ ತರುತ್ತಿದ್ದೇವೆ, ಸಂಪಾದಕ ನಾನೇ. ಈ ವಿಷಯದ ಮೇಲೆ ಲೇಖನಗಳು ಬುಟ್ಟಿಗಟ್ಟಲೆ ಬರುತ್ತಿವೆ. ಆದರೆ ನಿಜ ಹೇಳುತ್ತೇನೆ ಅತ್ತಿಗೆ, ಬರೆಯುವ ನಮ್ಮಂಥ ಪ್ರಾಧ್ಯಾಪಕರಲ್ಲಿ ಒಬ್ಬನೂ ಕಡತವನ್ನು ಕೈಯಲ್ಲಿ ಹಿಡಿದವನಲ್ಲ. ನೀವೋ, ಮೂವತ್ತೇಳು ವರ್ಷ ಕೇಂದ್ರ ಸಚಿವಾಲಯದಲ್ಲಿ ಅದರಲ್ಲೇ ಮುಳುಗಿ ಎದ್ದವರು. ಟಿಪ್ಪಣಿ ಹೇಗೆ ಹುಟ್ಟುತ್ತದೆ, ಯಾರು ಬರೆಯುತ್ತಾರೆ, ಯಾರು ತಿದ್ದುತ್ತಾರೆ, ಎಲ್ಲವನ್ನೂ ಬರೆದು ಕಳಿಸಿ. ಅದನ್ನು ಲೇಖನವಾಗಿ ತರುವ ಹೊಣೆ ನನ್ನದು.

ಅಣ್ಣನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮೈದುನ,
ಸೂರಿ

*

ಜನಕಪುರಿ, ನವದೆಹಲಿ
19 ನವೆಂಬರ್ 2006

ಚಿ|| ಸೂರಿಗೆ ಅತ್ತಿಗೆಯ ಆಶೀರ್ವಾದಗಳು.

ನೀನು ಎರಡು ಸಲ ಫೋನು ಮಾಡಿ ಕೇಳಿದೆ, ನಾನು ಹೂಂ ಹೂಂ ಎಂದು ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಆಡಿದ ಮಾತಿಗೆ ಕಚೇರಿಯ ಕಾಗದಕ್ಕಿರುವಂತೆ ಡೈರಿ ನಂಬರ್ ಇರುವುದಿಲ್ಲ, ಅದನ್ನು ನಾನು ಮಾತೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದೂ ಇಲ್ಲ. ಇದೋ, ಈಗ ಕಾಗದದಲ್ಲಿ ಹೇಳುತ್ತಿದ್ದೇನೆ: ನಿನ್ನ ಕೆಲಸ ಮುಗಿಯಿತು. ಅರವತ್ತೊಂದು ಪುಟ, ಇಂಗ್ಲಿಷಿನಲ್ಲಿ, ನನ್ನ ಕೈಬರಹ. ತಲೆಬರಹವನ್ನೂ ಕೊಟ್ಟಿದ್ದೇನೆ, ‘ಹಸಿರು ಹಾಳೆಯ ಎಡಬದಿ’ ಎಂದು.

ಮೂರು ತಿಂಗಳು ಬೆಳಿಗ್ಗೆ ಹತ್ತಕ್ಕೆ ಊಟದ ಮೇಜಿನ ಮುಂದೆ ಕೂತರೆ ಸಂಜೆ ಐದಕ್ಕೇ ಏಳುತ್ತಿದ್ದದ್ದು. ಸ್ಫೂರ್ತಿ ನಗುತ್ತಿದ್ದಳು, “ಅಮ್ಮಾ, ಆಪ್ ತೋ ರಿಟೈರ್ ಹೋ ಗಯೀ ಹೋ ನಾ? ಈಗ ಯಾರಿಗೆ ಅಟೆಂಡೆನ್ಸ್ ಕೊಡ್ತಿದ್ದೀರ?” ಎಂದು. ನಿಮ್ಮಣ್ಣ ಎರಡು ಸಲ ಚಹಾ ಮಾಡಿಕೊಟ್ಟರು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಮೊದಲ ಸಲ, ಬೇಕಿದ್ದರೆ ಕೇಳಿ ನೋಡು.

ನಿಮ್ಮ ಕಡೆಯ ಓದುಗರಿಗೆ ಗೊತ್ತಿರುವುದಿಲ್ಲವೆಂದು ಮೊದಲಿನಿಂದ ಬರೆದಿದ್ದೇನೆ. ಕಡತದ ಹಸಿರು ಟಿಪ್ಪಣಿ ಹಾಳೆಯಲ್ಲಿ ಎಡಬದಿಯ ಕೆಳಗೆ ಸಹಿ ಹಾಕುವವರು ನಮ್ಮಂಥ ಗುಮಾಸ್ತರು (ನಾನು ಸೆಕ್ಷನ್ ಆಫೀಸರ್ ಆದದ್ದು ಕೊನೆಯ ವರ್ಷಗಳಲ್ಲಷ್ಟೇ), ಬಲಬದಿಯಲ್ಲಿ ಅಧಿಕಾರಿಗಳು. ಬಲಬದಿಯವರು ಬಹಳ ಸಲ ಬರೆಯುವುದು ‘ಒಪ್ಪಿದೆ’ ಅಥವಾ ‘ನೋಡಿದೆ’, ಅಷ್ಟೆ. ಒಂದು ಕೆಲಸ ಯಾಕೆ ಮಾಡಬಾರದಿತ್ತು, ಯಾರು ಬೇಡವೆಂದರು, ಇದೆಲ್ಲ ಸಿಗುವುದು ಎಡಬದಿಯವರ ಬರಹದಲ್ಲಿ. ಆದೇಶ ತೋರಿಸುತ್ತೇವೆ, ಟಿಪ್ಪಣಿ ತೋರಿಸುವುದಿಲ್ಲ ಎನ್ನುವವರು ಮುಚ್ಚಿಡಲು ನೋಡುತ್ತಿರುವುದು ಇದನ್ನೇ. ಇದೇ ನನ್ನ ವಾದ.

ಹದಿನಾಲ್ಕನೆಯ ಪುಟವನ್ನು ಮೂರು ಸಲ ಹರಿದು ಮತ್ತೆ ಬರೆದೆ. ಅದು 1989ರ ವಿಷಯ. ಉದ್ಯೋಗಸ್ಥ ಹೆಣ್ಣುಮಕ್ಕಳ ಹಾಸ್ಟೆಲಿಗೆಂದು ಇಟ್ಟ ಜಾಗವನ್ನು ದೊಡ್ಡವರ ಕ್ಲಬ್ಬಿಗೆ ಕೊಡಲು ಹೊರಟಿದ್ದರು. ಇದು ತಪ್ಪು ಎಂದು ಟಿಪ್ಪಣಿ ಬರೆದೆ. ಅಧಿಕಾರಿ ಕರೆಸಿ, “ಶಾರದಾಜಿ, ಯೇ ಪನ್ನಾ ಬದಲ್ ದೀಜಿಯೆ” ಎಂದರು. ಈ ಪುಟ ಬದಲಿಸುವುದಿಲ್ಲ ಎಂದೆ. ಮರುದಿನ ನೋಡಿದರೆ ಕಡತದಲ್ಲಿ ನನ್ನ ಪುಟ ಇರಲಿಲ್ಲ, ಅದರ ಜಾಗದಲ್ಲಿ ಬೇರೆಯವರ ಅಕ್ಷರದ ಬೇರೆ ಪುಟ ಇತ್ತು. ಆ ಹಾಸ್ಟೆಲ್ ಇವತ್ತಿಗೂ ಇಲ್ಲ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ನಿಮ್ಮಣ್ಣನಿಗೂ.

ರೂಢಿಯಂತೆ ಕೊನೆಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ, ಮೇಲೆ ‘ಕರಡು, ಅನುಮೋದನೆಗಾಗಿ’ ಎಂಬ ಚೀಟಿ ಚುಚ್ಚಿದ್ದೇನೆ. ಕರಡಿನ ಕೆಳಗೆ ಹೆಸರು ಬರೆದುಕೊಳ್ಳುವುದು ನಮಗೆ ಅಭ್ಯಾಸವಿಲ್ಲ. ನೋಡಿ, ತಪ್ಪಿದ್ದರೆ ತಿದ್ದಿ, ಸರಿಕಂಡರೆ ಮುಂದೆ ಕಳಿಸು.

ಶಾರದಾ

*

ಹೇಮಗಿರಿ ವಿಶ್ವವಿದ್ಯಾಲಯ
8 ಡಿಸೆಂಬರ್ 2006

ಪೂಜ್ಯ ಅತ್ತಿಗೆಯವರಿಗೆ ನಮಸ್ಕಾರಗಳು.

ಪೊಟ್ಟಣ ಸೇರಿತು. ಹಿಡಿದವನು ಮುಗಿಸಿಯೇ ಕೆಳಗಿಟ್ಟೆ. ಏನೆನ್ನಲಿ? ಅದ್ಭುತ. ಭಾಷೆಯನ್ನು ಸ್ವಲ್ಪ ಕಾನೂನಿನ ಧಾಟಿಗೆ ತರಬೇಕು, ಅಡಿಟಿಪ್ಪಣಿ ಹಾಕಬೇಕು. ಆಮೇಲೆ ಹೊರಗಿನ ಒಬ್ಬ ವಿದ್ವಾಂಸರು ಲೇಖಕರ ಹೆಸರು ತಿಳಿಯದೆ ಓದಿ, ಅಚ್ಚಿಗೆ ಯೋಗ್ಯವೆಂದು ಒಪ್ಪಬೇಕು. ನಮ್ಮಲ್ಲಿ ಅದು ಕಡ್ಡಾಯ. ಈ ಎಲ್ಲ ಓಡಾಟ ನನಗಿರಲಿ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲಿ ಮಾಹಿತಿ ಹಕ್ಕಿಗೆಂದೇ ಹೊಸ ಅಧ್ಯಯನ ಕೇಂದ್ರ ತೆರೆಯುತ್ತಿದ್ದಾರೆ, ಅದರ ಗಡಿಬಿಡಿಯಲ್ಲಿದ್ದೇನೆ. ಕಾಗದ ತಡವಾದರೆ ಕ್ಷಮಿಸಿ.

ಸೂರಿ

*

ಜನಕಪುರಿ
24 ಜೂನ್ 2007

ಸೂರಿ,

ಆರು ತಿಂಗಳಿಂದ ನಿನ್ನಿಂದ ಒಂದು ಸಾಲಿಲ್ಲ. ಯಾಕಿಲ್ಲ ಎಂದು ನಿನ್ನೆ ಗೊತ್ತಾಯಿತು.

ನಿನ್ನ ಪತ್ರಿಕೆಯನ್ನು ಈಗ ದೊಡ್ಡ ಪ್ರಕಾಶಕರು ವಹಿಸಿಕೊಂಡಿದ್ದಾರಂತೆ. ಆ ಪ್ರಕಾಶಕರು ಪುಟ ಜೋಡಿಸುವ ಕೆಲಸವನ್ನು ನೋಯ್ಡಾದ ಒಂದು ಕಂಪನಿಗೆ ಕೊಟ್ಟಿದ್ದಾರೆ. ಆ ಕಂಪನಿಯಲ್ಲಿ ಪ್ರೂಫ್ ನೋಡುವವರಲ್ಲಿ ನನ್ನ ಮಗಳೂ ಒಬ್ಬಳು. ‘ಸ್ಫೂರ್ತಿಯ ಕೆಲಸ ಹೇಗಿದೆ’ ಎಂದು ಕಾಗದದಲ್ಲಿ ವಿಚಾರಿಸಿದೆಯಲ್ಲ, ಅದೇನು ಕೆಲಸ ಎಂದು ಒಂದು ಸಲವಾದರೂ ಕೇಳಿದ್ದರೆ ನೀನು ಹುಷಾರಾಗಿರುತ್ತಿದ್ದೆ.

ನಾನು ಬರೆಯುತ್ತಿದ್ದಾಗ ಪುಟಗಳನ್ನು ಓದಿದ್ದವಳು ಅವಳೊಬ್ಬಳೇ. ಬಾಗಿಲಲ್ಲೇ ನಿಂತು ಅಂದಳು, “ಅಮ್ಮಾ, ಯೇ ತೋ ಆಪ್ಕಾ ಹೈ, ನೀವು ಬರೆದದ್ದೇ. ವೋ ಹಾಸ್ಟೆಲ್ ವಾಲಾ ಕೇಸ್. ಲೇಕಿನ್ ನಿಮ್ಮ ಹೆಸರೇ ಇಲ್ಲ.” ಪ್ರೂಫಿನ ಪ್ರತಿ ತಂದಿದ್ದಳು. ತಲೆಬರಹ ನಾನು ಕೊಟ್ಟದ್ದೇ. ಅದರ ಕೆಳಗೆ ಪ್ರೊಫೆಸರ್ ಸೂರ್ಯನಾರಾಯಣ. ಅರವತ್ತೊಂದು ಪುಟವನ್ನು ಮೂವತ್ತಕ್ಕೆ ಇಳಿಸಿದ್ದೀಯ, ಉಳಿದದ್ದು ಹತ್ತರಲ್ಲಿ ಒಂಬತ್ತು ವಾಕ್ಯ ನನ್ನವು. ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ನನ್ನ ಹೆಸರು ಸಿಕ್ಕಿತು: ‘ಬೆರಳಚ್ಚು ಮುಂತಾದ ನೆರವಿಗಾಗಿ ಶ್ರೀಮತಿ ಶಾರದಾ ಅವರಿಗೆ ಕೃತಜ್ಞತೆಗಳು.’ ಬೆರಳಚ್ಚು! ನಾನು ಕೈಯಲ್ಲಿ ಬರೆದದ್ದನ್ನು ನಿನ್ನ ಕಣ್ಣೇ ನೋಡಿದೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಹಾಸ್ಟೆಲಿನ ಪುಟ ನೋಡಿ ಮೈಯೆಲ್ಲ ಉರಿದುಹೋಯಿತು. ನಾನು ‘ನಾನು’ ಎಂದು ಬರೆದಲ್ಲೆಲ್ಲ ನೀನು ‘ಕೆಳದರ್ಜೆಯ ಒಬ್ಬ ಮಹಿಳಾ ನೌಕರೆ’ ಎಂದು ಮಾಡಿದ್ದೀಯ. ಮೇಲೆ ಒಂದು ಸರ್ಟಿಫಿಕೇಟು ಬೇರೆ: ‘ಆಕೆಗೆ ಕಾನೂನಿನ ತಿಳಿವಳಿಕೆ ಇರಲಿಲ್ಲವಾದರೂ ಸಹಜ ಪ್ರಾಮಾಣಿಕತೆ ಮೆಚ್ಚತಕ್ಕದ್ದು.’ ನಾಚಿಕೆಯಾಗಲಿಲ್ಲವೆ? ಬಲಬದಿಯವರು ಎಡಬದಿಯವರನ್ನು ನುಂಗುತ್ತಾರೆ ಎಂದು ನಾನು ಅರವತ್ತೊಂದು ಪುಟ ಬರೆದರೆ, ನೀನು ಅದನ್ನೇ ಓದಿ, ಅದನ್ನೇ ತಿದ್ದಿ, ಅದನ್ನೇ ಮಾಡಿದೆ.

ಸಂಚಿಕೆ ಅಚ್ಚಿಗೆ ಹೋಗುವುದು ಆಗಸ್ಟ್ ಕೊನೆಗಂತೆ. ಇನ್ನೂ ಎರಡು ತಿಂಗಳಿದೆ. ಲೇಖಕರ ಹೆಸರು ತಪ್ಪಾಗಿದೆ, ಶಾರದಾ ಎಂದಾಗಬೇಕು ಎಂದು ಪ್ರಕಾಶಕರಿಗೆ ಒಂದು ಸಾಲು ಬರೆ. ಆ ‘ಕೆಳದರ್ಜೆ’ಯನ್ನು ತೆಗೆದು ನನ್ನ ‘ನಾನು’ವನ್ನು ವಾಪಸು ಇಡು. ನನಗೆ ಬೇರೇನೂ ಬೇಡ.

ಶಾರದಾ

*

ಹೇಮಗಿರಿ ವಿಶ್ವವಿದ್ಯಾಲಯ
5 ಜುಲೈ 2007

ಪ್ರಿಯ ಅತ್ತಿಗೆ,

ನಿಮ್ಮ ಕಾಗದ ಓದಿ ನೋವಾಯಿತು. ಮನೆಯವನ ಮೇಲೆ ಇಂಥ ಮಾತು ಬರುತ್ತದೆಂದು ಎಣಿಸಿರಲಿಲ್ಲ.

ಒಂದು ವಿಷಯ ಶಾಂತವಾಗಿ ಯೋಚಿಸಿ. ಹೆಸರಿನ ಜಾಗ ಖಾಲಿ ಬಿಟ್ಟವರು ನೀವು. ‘ಅನುಮೋದನೆಗಾಗಿ’ ಎಂದು ಚೀಟಿ ಚುಚ್ಚಿದವರೂ ನೀವೇ. ನಿಮ್ಮ ಕಚೇರಿಯ ರೂಢಿಯಲ್ಲಿ ಕರಡು ಯಾರ ಹೆಸರಿನಲ್ಲಿ ಹೊರಗೆ ಹೋಗುತ್ತದೆ? ಅನುಮೋದಿಸಿದವರ ಹೆಸರಿನಲ್ಲಿ. ನಾನು ಹಾಗೆ ತಿಳಿದುಕೊಂಡಿದ್ದರೆ ತಪ್ಪು ಪೂರ್ತಿ ನನ್ನದೇ?

ಇನ್ನೊಂದು. ಕಾನೂನು ಪದವಿ ಇಲ್ಲದವರ ಲೇಖನವನ್ನು ಇಂಥ ಪತ್ರಿಕೆಯಲ್ಲಿ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಲವತ್ತು ಅಡಿಟಿಪ್ಪಣಿ ಹಾಕಿದವನು ನಾನು, ನ್ಯಾಯಾಲಯಗಳ ತೀರ್ಪುಗಳನ್ನು ಸೇರಿಸಿದವನು ನಾನು. ನಿಮ್ಮ ವಿಚಾರ ಹತ್ತು ಜನರಿಗೆ ತಲುಪಬೇಕೋ, ನಿಮ್ಮ ಹೆಸರು ತಲುಪಬೇಕೋ ನೀವೇ ಹೇಳಿ. ಈಗಂತೂ ಬದಲಿಸುವ ಹಂತ ದಾಟಿದೆ.

ಇದನ್ನು ಹೇಳಲು ಸಂಕೋಚವಾಗುತ್ತದೆ. ಅಚ್ಚಾಗದ ಪ್ರೂಫನ್ನು ನೌಕರರು ಹೊರಗೆ ತೆಗೆದುಕೊಂಡು ಹೋಗುವುದು ಆ ಕಂಪನಿಗಳಲ್ಲಿ ದೊಡ್ಡ ಅಪರಾಧ. ಪ್ರಕಾಶಕರಿಗೆ ಗೊತ್ತಾದರೆ ಸ್ಫೂರ್ತಿಯ ಕೆಲಸಕ್ಕೇ ಕುತ್ತು ಬರಬಹುದು. ನನ್ನ ಬಾಯಿಂದ ಬರುವುದಿಲ್ಲ, ಖಂಡಿತ. ಆದರೆ ನೀವು ಹತ್ತು ಕಡೆ ಕಾಗದ ಬರೆಯುತ್ತ ಹೋದರೆ ನಾನೇನು ಮಾಡಲಿ? ಮಗುವಿನ ಮುಖ ನೋಡಿ ಇದನ್ನು ಇಲ್ಲಿಗೇ ಬಿಡಿ.

ಸೂರಿ

*

ಜನಕಪುರಿ
16 ಜುಲೈ 2007

ಶ್ರೀ ಸೂರ್ಯನಾರಾಯಣ ಅವರಿಗೆ,

ಇನ್ನು ಮುಂದೆ ನಿಮಗೆ ಬಹುವಚನ. ಏಕವಚನ ನನ್ನ ಮೈದುನನಿಗೆ ಇತ್ತು.

ಮಗಳ ಅನ್ನದ ಸುದ್ದಿಗೆ ಬಂದಿರಲ್ಲ, ಅವಳು ನಿಮ್ಮ ಕಾಗದ ಓದಿದಳು. ಮರುದಿನ ತಾನೇ ಮ್ಯಾನೇಜರ್ ಬಳಿ ಹೋಗಿ, “ಪ್ರೂಫ್ ಮನೆಗೆ ಒಯ್ದದ್ದು ನನ್ನ ತಪ್ಪು, ಈ ಪತ್ರಿಕೆಯ ಕೆಲಸ ನನಗೆ ಬೇಡ” ಎಂದು ಬರೆದುಕೊಟ್ಟಳು. ಒಂದು ಎಚ್ಚರಿಕೆಯ ಮೆಮೊ ಸಿಕ್ಕಿತು. ಪ್ರೂಫನ್ನೂ ವಾಪಸು ಕೊಟ್ಟಿದ್ದಾಳೆ. ಇನ್ನು ನೀವು ಹೆದರಿಸಲು ಏನೂ ಉಳಿದಿಲ್ಲ, ನನ್ನ ಕೈಯಲ್ಲಿ ತೋರಿಸಲೂ ಏನೂ ಉಳಿದಿಲ್ಲ. ಅದಕ್ಕೇ ಈ ಅರ್ಜಿ. ನಿಮ್ಮ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿ ನೀವೇ ಎಂದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಓದಿ ತಿಳಿದೆ.

ಇವರಿಗೆ,
ಸಾರ್ವಜನಿಕ ಮಾಹಿತಿ ಅಧಿಕಾರಿ,
ಕಾನೂನು ವಿಭಾಗ, ಹೇಮಗಿರಿ ವಿಶ್ವವಿದ್ಯಾಲಯ

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ.

ತಮ್ಮ ತ್ರೈಮಾಸಿಕದ ಮುಂದಿನ ಸಂಚಿಕೆಗೆ ಒಪ್ಪಿಕೊಂಡಿರುವ, ಕಡತದ ಟಿಪ್ಪಣಿಗಳನ್ನು ಕುರಿತ ಲೇಖನಕ್ಕೆ ಸಂಬಂಧಿಸಿದ ಸಂಪೂರ್ಣ ಕಡತದ ದೃಢೀಕೃತ ಪ್ರತಿ ಕೊಡತಕ್ಕದ್ದು. ಅಂಚೆಯಲ್ಲಿ ಬಂದ ಮೂಲ ಹಸ್ತಪ್ರತಿ, ಅದರ ಮೇಲಿನ ಸ್ವೀಕೃತಿ ಮುದ್ರೆ, ಪರಿಶೀಲಕರ ಅಭಿಪ್ರಾಯ ಮತ್ತು ಅದಕ್ಕೆ ಲೇಖಕರು ಕೊಟ್ಟ ಉತ್ತರ, ಎಲ್ಲವೂ ಸೇರಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಮಾಹಿತಿ ಯಾಕೆ ಬೇಕೆಂದು ಅರ್ಜಿದಾರರು ಹೇಳಬೇಕಾಗಿಲ್ಲ ಎಂಬುದು ತಮಗೆ ತಿಳಿದೇ ಇದೆ, ಆ ವಿಷಯವನ್ನು ತಾವೇ ಪಾಠ ಮಾಡುತ್ತೀರಿ.

ಶಾರದಾ
ಸೆಕ್ಷನ್ ಆಫೀಸರ್ (ನಿವೃತ್ತ)

*

ಹೇಮಗಿರಿ ವಿಶ್ವವಿದ್ಯಾಲಯ, ಕಾನೂನು ವಿಭಾಗ
13 ಆಗಸ್ಟ್ 2007

ಮಾನ್ಯರೆ,

ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಕೋರಿರುವ ಮಾಹಿತಿಯು ಮೂರನೆಯ ವ್ಯಕ್ತಿಗೆ ಸಂಬಂಧಿಸಿದ ಖಾಸಗಿ ಮಾಹಿತಿಯಾಗಿರುವುದರಿಂದಲೂ, ಪರಿಶೀಲಕರು ನಂಬಿಕೆಯ ಮೇಲೆ ಕೊಟ್ಟ ಅಭಿಪ್ರಾಯವಾಗಿರುವುದರಿಂದಲೂ, ಒದಗಿಸಲು ಅವಕಾಶವಿರುವುದಿಲ್ಲ. ತೃಪ್ತಿಯಾಗದಿದ್ದಲ್ಲಿ ಕುಲಸಚಿವರಿಗೆ ಮೇಲ್ಮನವಿ ಸಲ್ಲಿಸಬಹುದು.

ಪ್ರೊ. ಸೂರ್ಯನಾರಾಯಣ
ಸಾರ್ವಜನಿಕ ಮಾಹಿತಿ ಅಧಿಕಾರಿ

*

ಜನಕಪುರಿ
2 ಸೆಪ್ಟೆಂಬರ್ 2007

ಪ್ರೊಫೆಸರ್ ಸಾಹೇಬರೆ,

ಇಪ್ಪತ್ತೆಂಟನೆಯ ದಿನ ಉತ್ತರ ಕೊಟ್ಟಿರಿ. ಮೂವತ್ತರ ಗಡುವು ತಪ್ಪದಂತೆ, ಆದರೆ ಬೇಗನೂ ಆಗದಂತೆ. ನಮ್ಮ ಕಚೇರಿಯಲ್ಲಿ ಇದ್ದಿದ್ದರೆ ಮುಂದೆ ಬರುತ್ತಿದ್ದಿರಿ.

ಮೂರನೆಯ ವ್ಯಕ್ತಿಯ ಖಾಸಗಿ ಮಾಹಿತಿ ಎಂದಿದ್ದೀರಿ. ಆ ಹಸ್ತಪ್ರತಿ ಬರೆದ ಮೂರನೆಯ ವ್ಯಕ್ತಿ ನಾನೇ. ನನ್ನ ಖಾಸಗಿತನವನ್ನು ನನ್ನಿಂದಲೇ ಕಾಪಾಡುತ್ತಿದ್ದೀರಿ, ದೊಡ್ಡ ಉಪಕಾರ. ನನ್ನ ಅಭ್ಯಂತರವಿಲ್ಲ ಎಂದು ಮೇಲ್ಮನವಿಯಲ್ಲಿ ಬರೆದು, ಹಸ್ತಪ್ರತಿ ಕಳಿಸಿದ ರಿಜಿಸ್ಟರ್ಡ್ ಪೋಸ್ಟಿನ ರಸೀದಿಯನ್ನೂ ಇಟ್ಟು ಕುಲಸಚಿವರಿಗೆ ಕಳಿಸಿದ್ದೇನೆ. ಇಷ್ಟು ಕಾಗದ ಹಾಕಿ ಹಾಕಿ ಇಲ್ಲಿನ ಪೋಸ್ಟ್ ಆಫೀಸಿನ ಭಯ್ಯಾ, “ಮಾತಾಜಿ, ಮತ್ತೆ ಕೇಸ್?” ಎಂದು ಕೇಳುವಷ್ಟು ಪರಿಚಯವಾಗಿದ್ದಾನೆ.

ಸಂಚಿಕೆ ಅಚ್ಚಾಗಿ ಬಂತು, ನಿಮ್ಮ ಹೆಸರಿನಲ್ಲೇ. ಸ್ಫೂರ್ತಿ ಅಂಗಡಿಯಿಂದಲೇ ಕೊಂಡು ತಂದಳು. ನನ್ನ ಪುಟಗಳನ್ನು ಓದುತ್ತ ನಿಮ್ಮ ಮೇಲಿದ್ದಷ್ಟೇ ಸಿಟ್ಟು ನನ್ನ ಮೇಲೂ ಬಂತು. ಹೆಸರಿನ ಜಾಗ ಖಾಲಿ ಬಿಟ್ಟ ಕೈ ನನ್ನದಲ್ಲವೆ? ಕಚೇರಿಯಲ್ಲಿ ಕಲಿಸಿದ್ದು ಅದನ್ನೇ: ಚೆನ್ನಾಗಿ ಬರೆ, ಕೊನೆಯಲ್ಲಿ ನೀನು ಕಾಣಿಸಬೇಡ. ನಿವೃತ್ತಿಯ ದಿನ ಬೀಗದ ಕೈ, ಗುರುತಿನ ಚೀಟಿ ಎಲ್ಲ ವಾಪಸು ಕೊಟ್ಟು ಬಂದೆ. ಆ ಅಭ್ಯಾಸವನ್ನು ಮಾತ್ರ ಮನೆಗೆ ತಂದೆ. ಅದು ನಿಮಗೆ ಅನುಕೂಲವಾಯಿತು.

ನಿಮ್ಮಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೇಲ್ಮನವಿಯ ಲಕೋಟೆ ನೋಡಿ, “ನನ್ನ ತಮ್ಮನ್ನ ಕಟಕಟೆ ಹತ್ತಿಸ್ತೀಯೇನೆ? ಮನೆ ಮಾತು ಬೀದಿಗೆ ತರ್ತೀಯಾ?” ಎಂದು ಕೂಗಾಡಿದರು. “ಕಟಕಟೆ ಅಲ್ಲ ರೀ, ಕುಲಸಚಿವರು. ಮನೆ ಮಾತನ್ನ ಪುಸ್ತಕದಂಗಡಿಗೆ ಕಳಿಸಿದೋರು ನಿಮ್ಮ ತಮ್ಮ, ನಾನಲ್ಲ” ಎಂದೆ. ಅಂದಿನಿಂದ ಇಬ್ಬರ ನಡುವೆ ಸ್ಫೂರ್ತಿಯೇ ಅಂಚೆಯವಳು. ಅವರಿಗೆ ತಮ್ಮನ ಮೇಲೆ ಅಷ್ಟು ನಂಬಿಕೆ. ಅದನ್ನು ನಿಮಗೆ ತಿಳಿಸಿರೋಣವೆಂದು ಬರೆದೆ.

ಶಾರದಾ

*

ಹೇಮಗಿರಿ ವಿಶ್ವವಿದ್ಯಾಲಯ
20 ಅಕ್ಟೋಬರ್ 2007

ಪೂಜ್ಯ ಅತ್ತಿಗೆಯವರಿಗೆ ಅನಂತ ನಮಸ್ಕಾರಗಳು.

ಕುಲಸಚಿವರು ನಿಮ್ಮ ಪರವಾಗಿ ಆದೇಶ ಮಾಡಿದ್ದಾರೆ. ಪರಿಶೀಲಕರ ಹೆಸರನ್ನು ಮಾತ್ರ ಮುಚ್ಚಿ ಉಳಿದದ್ದನ್ನೆಲ್ಲ ಕೊಡಬೇಕಂತೆ. ದೃಢೀಕೃತ ಪ್ರತಿಗಳನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ಇದು ಆ ಕಾಗದವಲ್ಲ, ಮನೆಯವನ ಕಾಗದ.

ಸತ್ಯ ಹೇಳಿಬಿಡುತ್ತೇನೆ. ಹೊಸ ಅಧ್ಯಯನ ಕೇಂದ್ರಕ್ಕೆ ನಿರ್ದೇಶಕರನ್ನು ಆರಿಸುತ್ತಿದ್ದಾರೆ. ನನ್ನ ಅರ್ಜಿಯಲ್ಲಿ ಮೊದಲು ತೋರಿಸಿರುವ ಲೇಖನ ಇದೇ. ಇಪ್ಪತ್ತಾರು ವರ್ಷ ಪಾಠ ಹೇಳಿ, ಎಲ್ಲರ ಹಿಂದೆ ನಿಂತು, ನಿವೃತ್ತಿಗೆ ಐದು ವರ್ಷ ಇರುವಾಗ ಸಿಕ್ಕ ಒಂದೇ ಅವಕಾಶ. ನಿಮ್ಮ ಹಸ್ತಪ್ರತಿ ಬಂದ ದಿನ ಓದಿ ಹೊಟ್ಟೆಕಿಚ್ಚಾಯಿತು ಅತ್ತಿಗೆ. ನಾನು ಬರೆದ ಯಾವುದರಲ್ಲೂ ಅಂಥ ಒಂದು ಪುಟ ಇಲ್ಲ. ಕೊನೆಯಲ್ಲಿ ಖಾಲಿ ಜಾಗ ಕಾಣಿಸಿತು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿಸುತ್ತೇನೆ. ಇಬ್ಬರ ಹೆಸರೂ ಇರಲಿ, ಮೊದಲು ನನ್ನದು, ಆಮೇಲೆ ನಿಮ್ಮದು. ಇಷ್ಟಕ್ಕೆ ಒಪ್ಪಿಕೊಳ್ಳಿ. ದಯವಿಟ್ಟು ಇನ್ನು ಕೆದಕಬೇಡಿ.

ಸೂರಿ

*

ಜನಕಪುರಿ
5 ನವೆಂಬರ್ 2007

ಪ್ರೊಫೆಸರ್ ಸೂರ್ಯನಾರಾಯಣ ಅವರಿಗೆ,

ನಿಮ್ಮ ಕಾಗದ ಓದಿದೆ. ಹೊಟ್ಟೆಕಿಚ್ಚಿನ ಮಾತು ಒಂದೇ ಅದರಲ್ಲಿ ನನಗೆ ನಿಜವೆನಿಸಿದ್ದು. ಅದನ್ನು ಓದಿದಾಗ ಒಂದು ಗಳಿಗೆ ಮನಸ್ಸು ಕರಗಿತು, ಸುಳ್ಳು ಹೇಳುವುದಿಲ್ಲ. ಜಂಟಿ ಹೆಸರಿಗೆ ಒಪ್ಪಿಬಿಡೋಣವೇ ಎಂದು ಕೂಡ ಯೋಚಿಸಿದೆ.

ಅಷ್ಟರಲ್ಲಿ ಪ್ರತಿಗಳ ಕಟ್ಟು ಬಂತು. ಕಡತ ಕೈಗೆ ಬಂದರೆ ನಾವು ಮೊದಲು ಓದುವುದಿಲ್ಲ, ಪುಟ ಎಣಿಸುತ್ತೇವೆ. ನಿಮ್ಮ ವಿಭಾಗದ ಗುಮಾಸ್ತರು ಬಸಪ್ಪ ಎಂಬವರು ಪ್ರತಿ ಪುಟದ ಮೂಲೆಯಲ್ಲೂ ಸಂಖ್ಯೆ ಹಾಕಿ ಚಿಕ್ಕ ಸಹಿ ಮಾಡಿದ್ದಾರೆ. ಅಚ್ಚುಕಟ್ಟಾದ ಕೆಲಸ, ನನ್ನ ಪರವಾಗಿ ಅವರಿಗೆ ನಮಸ್ಕಾರ ಹೇಳಿ. ಪತ್ರವ್ಯವಹಾರದ ಭಾಗದಲ್ಲಿ ಮೂವತ್ತೇಳರ ನಂತರ ಮೂವತ್ತೊಂಬತ್ತು ಇದೆ. ಮೂವತ್ತೇಳರಲ್ಲಿ ಪರಿಶೀಲಕರ ಪ್ರಶ್ನೆ ಇದೆ. ಉತ್ತರ ಇರಬೇಕಾದದ್ದು ಮುಂದಿನ ಪುಟದಲ್ಲಿ.

ಮೂವತ್ತೆಂಟನೆಯ ಪುಟ ಎಲ್ಲಿ? ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಜ್ಯ ಮಾಹಿತಿ ಆಯೋಗಕ್ಕೆ ಬರೆಯುತ್ತೇನೆ.

ಶಾರದಾ

*

ಹೇಮಗಿರಿ
17 ನವೆಂಬರ್ 2007

ಅತ್ತಿಗೆ,

ಪುಟ 38 ಲಗತ್ತಿಸಿದೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಅಣ್ಣನಿಗೆ ತೋರಿಸಬೇಡಿ.

ಸೂರಿ

*

ಜನಕಪುರಿ
27 ಜನವರಿ 2008

ಪ್ರೊಫೆಸರ್ ಸೂರ್ಯನಾರಾಯಣ ಅವರಿಗೆ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಬಾಯಿಗೆ ಬಂದದ್ದು ಕಾಗದಕ್ಕೆ ಇಳಿಯುವಂಥದ್ದಾಗಿರಲಿಲ್ಲ.

ಮೂವತ್ತೇಳನೆಯ ಪುಟದಲ್ಲಿ ಆ ಪರಿಶೀಲಕರು, ಅವರು ಯಾರೋ, ಎಲ್ಲಿದ್ದಾರೋ, ದೇವರು ಅವರನ್ನು ಚೆನ್ನಾಗಿಟ್ಟಿರಲಿ, ಸರಿಯಾಗಿ ಕೇಳಿದ್ದಾರೆ: ‘ಹಾಸ್ಟೆಲಿನ ಪ್ರಸಂಗ ಕೇಳಿ ಬರೆದಂತೆ ಕಾಣುವುದಿಲ್ಲ, ಅನುಭವಿಸಿ ಬರೆದಂತಿದೆ. ಆ ಮಹಿಳೆ ಯಾರು? ಲೇಖನ ಆಕೆಯದೇ ಅಲ್ಲವೆ? ಆಕೆಯ ಒಪ್ಪಿಗೆ ಇದೆಯೆ?’ ಮೂವತ್ತೆಂಟನೆಯ ಪುಟದಲ್ಲಿ ನಿಮ್ಮ ಉತ್ತರ ಒಂದೇ ಸಾಲು: ‘ಸದರಿ ಮಹಿಳೆ ಈಗ ಜೀವಂತವಾಗಿಲ್ಲ.’ ಕೆಳಗೆ ನಿಮ್ಮ ಸಹಿ, 14 ಫೆಬ್ರವರಿ 2007. ಅದೇ ವಾರ ನೀವು ಅಣ್ಣನಿಗೆ ಫೋನು ಮಾಡಿ ನನ್ನ ಆರೋಗ್ಯ ವಿಚಾರಿಸಿದ್ದಿರಿ. ಬಟಾಣಿ ಸುಲಿಯುತ್ತ ಕೂತಿದ್ದೆ, ಚೆನ್ನಾಗಿದ್ದೇನೆ ಎಂದು ಹೇಳಿಸಿದೆ.

ನಾನು ನಿಮ್ಮಣ್ಣನಿಗೆ ತೋರಿಸಿದೆ. ತೋರಿಸಬಾರದಿತ್ತೆ? ಒಂದು ಮನೆಯಲ್ಲಿ ಸಾವಾದರೆ ಗಂಡನಿಗೆ ತಿಳಿಸದೆ ಇರಲಾಗುತ್ತದೆಯೆ? ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಮೂರು ತಿಂಗಳ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದರು. “ನನ್ನ ಹೆಂಡತೀನ ಸಾಯಿಸಿಬಿಟ್ಟನಲ್ಲೇ, ನನಗೊಂದು ಮಾತು ಹೇಳದೆ” ಎಂದರು. ಆಮೇಲೆ ಆ ಮುದುಕರು ಮಗುವಿನ ಹಾಗೆ ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅದಕ್ಕಾಗಿ ನಿಮ್ಮನ್ನು ಕ್ಷಮಿಸುವುದಿಲ್ಲ.

ಪುಟಗಳನ್ನೆಲ್ಲ ಕುಲಸಚಿವರಿಗೂ ಪ್ರಕಾಶಕರಿಗೂ ಕಳಿಸಿದೆ. ಅವರು ಮಾಡಿದ ನ್ಯಾಯ ಹೊಸ ಸಂಚಿಕೆಯ ಕೊನೆಯಲ್ಲಿ ಬಂದಿದೆ, ನೋಡಿರುತ್ತೀರಿ. ಮೂರೇ ಸಾಲು. ‘ಕರ್ತೃತ್ವದ ಬಗ್ಗೆ ಸಂದೇಹಗಳು ಎದ್ದಿರುವುದರಿಂದ ಕಳೆದ ಸಂಚಿಕೆಯ ಮೊದಲ ಲೇಖನವನ್ನು ಹಿಂತೆಗೆದುಕೊಳ್ಳಲಾಗಿದೆ.’ ನಿಮ್ಮ ಹೆಸರಿಲ್ಲ, ನನ್ನ ಹೆಸರಿಲ್ಲ. ಯಾರು ಬರೆದರು, ಯಾರು ಕದ್ದರು, ಒಂದೂ ಇಲ್ಲ. ಕಳ್ಳನ ಹೆಸರು ಹೇಳಲು ಮುಜುಗರವೆಂದು ಕದ್ದ ವಸ್ತುವನ್ನೇ ಬಾವಿಗೆ ಎಸೆದರು. ನಿಮ್ಮನ್ನೇ ಆ ಕೇಂದ್ರಕ್ಕೆ ನಿರ್ದೇಶಕರನ್ನಾಗಿ ಮಾಡಿದರೆಂದೂ ಕೇಳಿದೆ. ಒಂದು ವಾರ ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ತರಕಾರಿಯವನ ಜೊತೆ ಜಗಳವಾಡಿದೆ, ಹಾಲಿನವನ ಜೊತೆ ಜಗಳವಾಡಿದೆ. ಸ್ಫೂರ್ತಿ, “ಅಮ್ಮಾ, ಬಸ್ ಕರೋ. ಅವರದ್ದೇನು ತಪ್ಪು?” ಎಂದಳು.

ಎಂಟನೆಯ ದಿನ ಹತ್ತು ಗಂಟೆಗೆ ಮೇಜಿನ ಮುಂದೆ ಕೂತೆ.

ಇಲ್ಲಿ ನೋಯ್ಡಾದಿಂದ ಬರುವ ಒಂದು ಕಾನೂನು ಪತ್ರಿಕೆಯಿದೆ, ಹರಿಣಿ ಎಂಬಾಕೆ ಸಂಪಾದಕಿ. ಪುಟಗಳನ್ನು ಒಯ್ದು ತೋರಿಸಿದೆ. ನನ್ನ ಪದವಿ ಕೇಳಲಿಲ್ಲ. “ಆಂಟೀಜಿ, ದಾಖಲೆ ಇದೆಯಾ?” ಎಂದಷ್ಟೇ ಕೇಳಿದಳು. ಇದೆ ಎಂದೆ. ಹಳೆಯ ಅರವತ್ತೊಂದು ಪುಟಗಳ ಜೊತೆ ಈಗ ಹೊಸ ಅಧ್ಯಾಯ ಸೇರಿದೆ. ಮಾಹಿತಿಯ ಕಾನೂನನ್ನು ಪಾಠ ಮಾಡುವವರ ಮನೆಯಲ್ಲೇ ಮಾಹಿತಿಗೆ ಏನಾಗುತ್ತದೆ ಎಂಬುದು ಅದರ ವಿಷಯ. ನಿಮ್ಮ ಸಹಿಯಿರುವ ಪುಟ 38, ನಿಮ್ಮ ನಿರಾಕರಣೆಯ ಪತ್ರ, ಎಲ್ಲವೂ ಚಿತ್ರಸಹಿತ ಬರುತ್ತವೆ. ‘ಒಬ್ಬ ಪ್ರಾಧ್ಯಾಪಕರು’ ಎಂದು ನಾನು ಎಲ್ಲಿಯೂ ಬರೆದಿಲ್ಲ. ನಿಮ್ಮ ಪೂರ್ಣ ಹೆಸರು, ಹುದ್ದೆ, ವಿಭಾಗ, ಹನ್ನೆರಡು ಕಡೆ ಇದೆ. ಮನೆಯ ಕಾಗದಗಳನ್ನು ಮುಟ್ಟಿಲ್ಲ. ಹೊಟ್ಟೆಕಿಚ್ಚಿನ ಮಾತು ನನ್ನಲ್ಲೇ ಉಳಿಯುತ್ತದೆ.

ಇದನ್ನು ತಡೆಯಲು ನಿಮ್ಮಣ್ಣನಿಗೆ ಫೋನು ಮಾಡಬೇಡಿ. ಹರಿಣಿಗೆ ಈ ಹೊಸ ಹಸ್ತಪ್ರತಿಯನ್ನು ಅಂಚೆಗೆ ಹಾಕಿ ಬಂದವರು ಅವರೇ, ಮಂಡಿ ನೋವಿನಲ್ಲಿ ನಡೆದುಕೊಂಡು ಹೋಗಿ.

ನಿಮಗೂ ಹೇಳುವುದು ಏನಾದರೂ ಇದ್ದೀತು. ಮಾರ್ಚ್ ಹತ್ತರೊಳಗೆ ಬರೆದು ಕಳಿಸಿ, ಎಷ್ಟು ಪುಟವಾದರೂ ಸರಿ, ಒಂದಕ್ಷರ ತಿದ್ದದೆ ಹಾಕುತ್ತೇನೆ ಎಂದು ಹರಿಣಿ ಒಪ್ಪಿದ್ದಾಳೆ. ಹೆದರಬೇಡಿ, ನೀವು ಬರೆದದ್ದು ನಿಮ್ಮ ಹೆಸರಿನಲ್ಲೇ ಅಚ್ಚಾಗುತ್ತದೆ.

ಶಾರದಾ